ಮೇಟಿಗೆ ಕಟ್ಟಿದ ಎಂಟು ಕಿವಿ

ಡೋಣಿ ಹೊಳೆಯ ಸೀಮೆಯಲ್ಲಿ ಈ ಸಂಗತಿಯನ್ನು ಎರಡು ಬಗೆಯಾಗಿ ಹೇಳುತ್ತಾರೆ. ಒಂದು ಬಗೆಯಲ್ಲಿ, ಯಂತ್ರವೊಂದು ಎಂದೋ ಸತ್ತ ಎತ್ತುಗಳ ಹೆಜ್ಜೆಯನ್ನು ಆಲಿಸಿ ನೆಲದೊಳಗಿನ ಕಾಳನ್ನು ತೋರಿಸಿಕೊಟ್ಟಿತು. ಇನ್ನೊಂದು ಬಗೆಯಲ್ಲಿ ಯಂತ್ರ ಬರಿದೆ ಆಲಿಸಿತು, ತೋರಿಸಿದವಳು ಎಂಬತ್ತೆರಡು ವರ್ಷದ ಗಂಗವ್ವ. ಎರಡನ್ನೂ ಕೂಡಿಸಿ ಕೇಳಿದವರಿಗೆ, ಯಂತ್ರಕ್ಕೂ ಮುದುಕಿಗೂ ನಡುವೆ ಓಡಾಡಿದ ದಾಕ್ಷಾಯಿಣಿ ಕಾಣಿಸುತ್ತಾಳೆ. ಕಥೆ ಅವಳ ಬೆನ್ನಹಿಂದೆ ನಡೆದರೇ ದಾರಿ ತಪ್ಪುವುದಿಲ್ಲ.

ಆ ಕಾಲಕ್ಕೆ ಜೋಳಕ್ಕೆ ಕರಿತೆನೆ ರೋಗ ತಗುಲಿ ಆರು ವರ್ಷವಾಗಿತ್ತು. ಸೀಮೆಯ ಹೊಲಗಳಲ್ಲೆಲ್ಲ ಒಂದೇ ತಾಯಿಯ ತಳಿಯನ್ನು ಬಿತ್ತಿದ್ದರಿಂದ ಒಂದು ಗಿಡವನ್ನು ಹಿಡಿದ ರೋಗ ಎಲ್ಲ ಗಿಡಗಳನ್ನೂ ಹಿಡಿಯಿತು. ಹಾಲುಗಾಳು ಕಟ್ಟುವ ಹೊತ್ತಿಗೆ ತೆನೆ ಮಸಿಯಾಗುತ್ತಿತ್ತು. ಜನ ಹೇಗೋ ಹೊಂದಿಕೊಂಡರು. ಗೋವಿನಜೋಳಕ್ಕೆ ಯಾವುದೋ ಗಡ್ಡೆಯ ಪುಡಿ ಬೆರೆಸಿದ ಮಿಶ್ರ ಹಿಟ್ಟು ಅಂಗಡಿಗೆ ಬಂತು. ಅದಕ್ಕೆ ಜಿಗಿ ಇರಲಿಲ್ಲ. ಬಡಿದರೆ ಅಂಚು ಹರಿಯುತ್ತಿತ್ತು. ಹಾಗಾಗಿ ಬಡಿಯುವುದನ್ನು ಬಿಟ್ಟು ಅಚ್ಚಿನಲ್ಲಿ ಒತ್ತುವುದನ್ನು ಕಲಿತರು. ಹೊತ್ತು ಏರುವ ಮುಂಚೆ ಓಣಿಗುಂಟ ಕೇಳುತ್ತಿದ್ದ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು. ಅದು ನಿಂತದ್ದನ್ನು ಕೂಡ ಬಹಳ ಜನ ಗಮನಿಸಲಿಲ್ಲ.

ವಿಜಯಪುರದ ಬೀಜ ಕೇಂದ್ರದ ಹಳೆಯ ದಾಖಲೆಗಳಲ್ಲಿ ‘ಬೆಳ್ಳಿತೆನೆ’ ಎಂಬ ಜವಾರಿ ಜೋಳದ ಹೆಸರಿತ್ತು. ತೆನೆಯನ್ನು ಮಸಿ ಮಾಡುವ ಯಾವ ಬಗೆಯ ಕಾಡಿಗೆ ರೋಗವೂ ಅದಕ್ಕೆ ತಾಗದೆಂದು ಬರೆದಿತ್ತು. ಬರವಣಿಗೆ ಇತ್ತೇ ಹೊರತು ಕಾಳಿರಲಿಲ್ಲ. ಹೀಗಿರುವಾಗ ಒಂದು ದಿನ ಮಲಕಾಜಪ್ಪನೆಂಬ ಎಪ್ಪತ್ತೆಂಟು ವರ್ಷದ ಮುದುಕ ಕೇಂದ್ರದ ಬಾಗಿಲಿಗೆ ಬಂದು, ಮುತ್ತಿನಾಳ ಊರಿನ ತಮ್ಮ ಕಣದಲ್ಲಿ ತನ್ನ ಅಪ್ಪ ಐವತ್ತೆಂಟು ವರ್ಷದ ಹಿಂದೆ ಒಂದು ಹಗೇವು ತುಂಬಿಸಿ ಮುಚ್ಚಿದ್ದನೆಂದೂ ಅದರಲ್ಲಿರುವುದು ಬೆಳ್ಳಿತೆನೆಯೆಂದೂ ಹೇಳಿದ. ಹಗೇವೆಂದರೆ ನೆಲದಾಳಕ್ಕೆ ಕೊಡದ ಆಕಾರದಲ್ಲಿ ತೋಡಿದ ಕಾಳಿನ ಗುಂಡಿ. ಒಳಗೆ ಹೊಟ್ಟು ಹಾಸಿ, ಕಾಳು ತುಂಬಿ, ಬಾಯಿಗೆ ಹಾಸುಗಲ್ಲಿಟ್ಟು, ಮಣ್ಣೆಳೆದು ನೆಲಸಮ ಮಾಡುತ್ತಾರೆ. ಗಾಳಿಯಾಡದ ಅಂಥ ಹೊಟ್ಟೆಯಲ್ಲಿ ಹತ್ತು ಸಾವಿರಕ್ಕೊಂದು ಕಾಳು ಜೀವ ಹಿಡಿದಿದ್ದರೂ ತಮಗೆ ಸಾಕೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು.

ಎಲ್ಲಿದೆ ಎಂದು ಕೇಳಿದರೆ ಮುದುಕ ತಲೆಯಾಡಿಸಿದ. ಹಗೇವಿನ ಜಾಗವನ್ನು ಅಪ್ಪ ಹಿರಿಯ ಮಗನಿಗೆ ಮಾತ್ರ ತೋರಿಸುವುದು ಆ ಮನೆಗಳ ಪದ್ಧತಿ, ಇವನು ಕಿರಿಯ. ‘ಕಣದಾಗ ಐತಿ’ ಎಂಬ ಒಂದು ಮಾತು ಬಿಟ್ಟರೆ ಇವನ ಪಾಲಿಗೆ ಏನೂ ಬಂದಿರಲಿಲ್ಲ. ಆ ಕಣ ಈಗ ಸೂರ್ಯಫಲಕಗಳ ಅಡಿಯಲ್ಲಿತ್ತು. ನೆಲ ಸಮ ಮಾಡುವಾಗ ಮೇಲೆ ಸುರಿದ ಎರೆಮಣ್ಣು ನೆಲದೊಳಗನ್ನು ಹುಡುಕುವ ರೇಡಾರಿನ ಅಲೆಗಳನ್ನೆಲ್ಲ ನುಂಗುತ್ತಿತ್ತು. ಫಲಕದ ಕಂಪನಿಯವರು ಒಳ್ಳೆಯ ಮಾತಿನಲ್ಲೇ ಒಪ್ಪಿದರು, ಆದರೆ ಒಂದೇ ಸಾಲು ಎತ್ತಬಹುದು, ಒಂದೇ ದಿನ ಎಂದರು. ಕಣದ ನಡುವೆ ಮೇಟಿಗಂಬ ನೆಟ್ಟಿದ್ದ ಕಲ್ಲಿನ ಗುಣಿ ಮಾತ್ರ ಸರ್ವೆಯವರ ಗುರುತಾಗಿ ಉಳಿದುಕೊಂಡಿತ್ತು.

ಅಂದು ಕೇಂದ್ರದಿಂದ ಹೊರಡುವ ಮುಂಚೆ ಮುದುಕ ಇನ್ನೊಂದು ಮಾತು ಹೇಳಿದ: ಹಗೇವು ತುಂಬಿದ ಮರುವರ್ಷ, ಅಪ್ಪ ಇನ್ನೂ ಇದ್ದಾಗಲೇ, ಯಾರೋ ವಿದ್ವಾಂಸರು ಬಂದು, ಎತ್ತುಗಳನ್ನು ಮೇಟಿಯ ಸುತ್ತ ತಿರುಗಿಸಿ ತೆನೆ ತುಳಿಸುವಾಗಿನ ಹಂತಿಯ ಹಾಡು ಹಿಡಿಯಲು ಮೇಟಿಗೆ ಎಂಟು ಕಿವಿ ಕಟ್ಟಿದ್ದರು. ಆ ಟೇಪು ಎಲ್ಲಾದರೂ ಇದ್ದೀತು.

ಅದು ಇತ್ತು, ವಿಜಯಪುರದ ಧ್ವನಿಭಂಡಾರದಲ್ಲಿ. ಅಂಥ ಟೇಪನ್ನು ಓಡಿಸಬಲ್ಲ ಯಂತ್ರ ಮತ್ತು ಕೈ ಕೂಡ ಅಲ್ಲಿಯೇ ಇದ್ದವು. ಕೈ ದಾಕ್ಷಾಯಿಣಿಯದು. ಮೂರು ಕೆಟ್ಟ ಯಂತ್ರಗಳ ಬಿಡಿಭಾಗ ಕೂಡಿಸಿ ಅವಳು ಒಂದನ್ನು ಜೀವಂತ ಇಟ್ಟಿದ್ದಳು. ಬೀಜ ಕೇಂದ್ರದ ಕಾಗದವನ್ನು ಎರಡು ಸಲ ಓದಿ, ಮಡಿಚಿ, ಮೇಜಿನ ಮೇಲಿಟ್ಟಳು. ಮಲಕಾಜಪ್ಪ ಅವಳ ಸ್ವಂತ ಕಾಕಾ ಎಂಬುದನ್ನು ಯಾರಿಗೂ ಹೇಳಲಿಲ್ಲ. ಹುಟ್ಟಿದಂದಿನಿಂದ ಅವಳು ಅವನನ್ನು ಕಂಡದ್ದಿಲ್ಲ. ಅವನ ಹೆಸರು ಮನೆಯಲ್ಲಿ ಕೇಳಿದ್ದು ಒಂದೇ ಬಗೆಯಲ್ಲಿ: ಕಾಳು ಕದ್ದವ.

* * *

ಟೇಪು ಅಂಗೈಯಗಲದ ಹಳೆಯ ವಿಡಿಯೊ ಕ್ಯಾಸೆಟ್ಟು. ಅದರ ಮೈಯಲ್ಲಿ ಎಂಟು ಟ್ರ್ಯಾಕುಗಳ ಧ್ವನಿ ಅಂಕಿಗಳಾಗಿ ಕುಳಿತಿತ್ತು. ದಾಕ್ಷಾಯಿಣಿ ಅದನ್ನು ಎರಡು ದಿನ ಬೆಚ್ಚಗಿನ ಒಣ ಕಪಾಟಿನಲ್ಲಿಟ್ಟು ತೇವ ತೆಗೆದಳು. ಯಂತ್ರದ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಚರ್ಮದ ತುಂಡಿನಿಂದ ಒರೆಸಿದಳು. ಟೇಪಿನ ಲೇಪ ಅಲ್ಲಲ್ಲಿ ಹಕ್ಕಳೆ ಎದ್ದಿತ್ತು. ಎರಡನೆಯ ಸಲ ಓಡಿಸುವ ಭರವಸೆ ಇರಲಿಲ್ಲ. ಬೀಜ ಕೇಂದ್ರದ ಪ್ರಾಣೇಶ, ಧ್ವನಿಯಿಂದ ನೆಲದ ನಕ್ಷೆ ಬಿಡಿಸುವ ಯಂತ್ರದ ಎಂಜಿನಿಯರು, ಬೇಗ ಓಡಿಸಲು ಬರುವುದಿಲ್ಲವೇ ಎಂದು ಕೇಳಿದ. ನೂರೆಂಟು ನಿಮಿಷದ ಟೇಪಿಗೆ ನೂರೆಂಟು ನಿಮಿಷವೇ ಬೇಕು, ಕೂತ್ಕೊಳ್ಳೋ ತಮ್ಮಾ ಎಂದಳು.

ಪ್ರಾಣೇಶನ ಯಂತ್ರದ ಗುಟ್ಟು ದೊಡ್ಡದೇನಲ್ಲ. ಎತ್ತು ಇಟ್ಟ ಒಂದು ಹೆಜ್ಜೆಯ ಸದ್ದು ಎಂಟು ಮೈಕುಗಳಿಗೆ ಕೂದಲೆಳೆಯಷ್ಟು ಹಿಂದುಮುಂದಾಗಿ ಮುಟ್ಟುತ್ತದೆ. ಆ ಹಿಂದುಮುಂದನ್ನು ಎಣಿಸಿದರೆ ಹೆಜ್ಜೆ ಬಿದ್ದ ಜಾಗ ಸಿಗುತ್ತದೆ. ಗಟ್ಟಿ ನೆಲಕ್ಕೆ ಬಿದ್ದ ಗೊರಸು ಒಂದು ರೀತಿ ನುಡಿಯುತ್ತದೆ, ಅಡಿ ಟೊಳ್ಳಿದ್ದರೆ ಇನ್ನೊಂದು ರೀತಿ. ತುಂಬಿದ ಹಗೇವಿನಲ್ಲಿಯೂ ಕಾಳು ಕುಸಿದು ಹಾಸುಗಲ್ಲಿನಡಿ ಗೇಣುದ್ದ ಟೊಳ್ಳು ಉಳಿಯುತ್ತದೆ. ಕಣದ ಮೇಲೆ ದಂಟಿನ ಹಾಸು ದಪ್ಪ ಇರುವುದರಿಂದ ಹೊರಗೆ ನಿಂತವರಿಗೆ ಅದು ತಿಳಿಯದು. ಮೈಕುಗಳು ಮೇಟಿಗಂಬಕ್ಕೇ ಕಟ್ಟಿದ್ದವಾದ್ದರಿಂದ ನೆಲದ ನಡುಕ ಮರದ ಮೂಲಕ ಏರಿ ಟೇಪಿಗೆ ಇಳಿದಿರಬೇಕು. ಆದರೆ ಎಂಟೂ ಟ್ರ್ಯಾಕುಗಳು ಒಂದೇ ಓಟದಲ್ಲಿ, ಒಂದಕ್ಕೊಂದು ಜಾರದಂತೆ, ಎಂಟು ಫೈಲುಗಳಾಗಬೇಕು. ಒಂದು ಜಾರಿದರೂ ನಕ್ಷೆ ಸೊಟ್ಟಗಾಗುತ್ತದೆ.

ಜಾರಲಿಲ್ಲ. ಗುಂಡಿ ಒತ್ತಿದ ದಾಕ್ಷಾಯಿಣಿ ನೂರೆಂಟು ನಿಮಿಷವೂ ಯಂತ್ರದ ಮೇಲೆ ಅಂಗೈ ಇಟ್ಟು, ಜ್ವರ ಬಂದ ಕೂಸಿನ ಹಣೆ ನೋಡುವವರ ಹಾಗೆ ಕುಳಿತಿದ್ದಳು.

ಕ್ಯಾಸೆಟ್ಟಿನ ಡಬ್ಬಿಯಲ್ಲಿ ಒಂದು ಚೀಟಿ ಇತ್ತು. ಒಂದನೆಯ ಮೈಕು ಮೂಡಣಕ್ಕೆ ಮುಖ ಮಾಡಿದೆ, ಉಳಿದವು ಎತ್ತು ತಿರುಗುವ ದಿಕ್ಕಿನಲ್ಲಿ ಕ್ರಮವಾಗಿ ಇವೆ. ತಂತಿಗಳನ್ನು ಅವಸರದಲ್ಲಿ ಸಿಕ್ಕಲ್ಲಿ ಚುಚ್ಚಿದ್ದರಿಂದ ಯಾವುದು ಯಾವುದೆಂಬುದನ್ನು ಟೇಪಿನ ಮೊದಲಲ್ಲಿ ಒಬ್ಬರು ಪ್ರತಿ ಮೈಕಿನೆದುರು ನಿಂತು ಕೂಗಿದ್ದಾರೆ. ಕಂಪ್ಯೂಟರು ಆ ಕೂಗುಗಳನ್ನು ಕೇಳಿ ಏಳು ಫೈಲುಗಳಿಗೆ ಎರಡರಿಂದ ಎಂಟರವರೆಗೆ ಹೆಸರಿಟ್ಟು, ಒಂದನ್ನು ಬರಿದೆ ಬಿಟ್ಟಿತು. ಆ ಮೈಕಿನೆದುರು ಮನುಷ್ಯ ಯಾವ ಅಂಕಿಯನ್ನೂ ಹೇಳಿಲ್ಲವೆಂದಿತು. ಪ್ರಾಣೇಶ ಹುಬ್ಬು ಗಂಟಿಕ್ಕಿದ. ದಾಕ್ಷಾಯಿಣಿ ಕೇಳಿ ನಕ್ಕಳು. ಕಣದಲ್ಲಿ ಯಾರೂ ‘ಒಂದು’ ಎನ್ನುವುದಿಲ್ಲ. ರಾಶಿ ಅಳೆಯುವಾಗ ಮೊದಲನೆಯ ಅಳತೆಗೆ ‘ಲಾಭ’ ಎನ್ನುತ್ತಾರೆ, ಆಮೇಲೆ ಎರಡು, ಮೂರು. ಅವಳ ತಾಯಿ ಇಂದಿಗೂ ಅಕ್ಕಿಯನ್ನು ಹಾಗೆಯೇ ಅಳೆಯುತ್ತಾಳೆ. ಟೇಪಿನಲ್ಲಿ ಕೂಗಿದ ಹುಡುಗನೂ ಹಾಗೆಯೇ ಎಣಿಸಿದ್ದ.

“ಕಂಪ್ಯೂಟರಿಗೆ ಇನ್ನೂ ಲಾಭ-ಲುಕ್ಸಾನು ತಿಳಿಯೂದಿಲ್ಲರೀ, ಅಕ್ಕಾರ,” ಎಂದ ಪ್ರಾಣೇಶ.

ಕೂಗಿದವನು ಮಲಕಾಜಪ್ಪ, ಹಾಡಿದವನು ಅವನ ಅಣ್ಣ ಎಂದು ಚೀಟಿಯ ಕೊನೆಯಲ್ಲಿತ್ತು; ಅವರು ತನಗೇನಾಗಬೇಕೆಂದು ಅವಳು ಬಾಯಿಬಿಡಲಿಲ್ಲ. ಆ ಕೂಗಿನ ಹಿಂದೆಯೇ ಇನ್ನೊಂದು ದನಿ ಎದ್ದಿತ್ತು. ಎತ್ತುಗಳ ಹಿಂದೆ ನಡೆಯುತ್ತ, ಸುತ್ತ ಎಂಟೂ ಸ್ಪೀಕರುಗಳಲ್ಲಿ ತಿರುಗುತ್ತ, ಅವಳ ಎಡಗಿವಿಯಿಂದ ಬೆನ್ನಿಗೆ, ಬೆನ್ನಿನಿಂದ ಬಲಗಿವಿಗೆ ಬಂದು ಮುಂದೆ ಸಾಗುವ ಗಂಡಸಿನ ತುಂಬುದನಿ. ಅವಳಿಗೆ ಮೂರು ತುಂಬುವ ಮುಂಚೆ ತೀರಿಕೊಂಡ ಅಪ್ಪ ಚನಮಲ್ಲಪ್ಪ. ದಾಕ್ಷಾಯಿಣಿ ಹುಟ್ಟಿದ ಮೇಲೆ ಮೊದಲ ಸಲ ಅವನ ದನಿ ಕೇಳಿದಳು. ಅವನು ಅವಳ ಸುತ್ತ ನೂರಾ ನಲವತ್ತು ಸಲ ನಡೆದ.

* * *

ಮನೆಗೆ ಬಂದಾಗ ತಾಯಿ ಗಂಗವ್ವ ಮಿಶ್ರ ಹಿಟ್ಟನ್ನು ಬಡಿಯುವ ಹಟದಲ್ಲಿದ್ದಳು. ಅಚ್ಚು ತಂದುಕೊಟ್ಟು ನಾಲ್ಕು ವರ್ಷವಾಗಿತ್ತು, ಅದರಲ್ಲಿ ಆಕೆ ಬೆಳ್ಳುಳ್ಳಿ ಇಡುತ್ತಿದ್ದಳು. ಹಿಟ್ಟಿನ ಅಂಚು ಹರಿದಾಗಲೆಲ್ಲ ಅದಕ್ಕೊಂದು ಬೈಗುಳ, ಸೇರಿಸಿ ಒತ್ತಿದಾಗ ಒಂದು ಸಮಾಧಾನ. ದಾಕ್ಷಾಯಿಣಿ ಟೇಪಿನ ವಿಷಯ ಎತ್ತಲಿಲ್ಲ. ಊಟದ ನಡುವೆ, ಯಾವುದಕ್ಕೋ ಕೇಳಿದಂತೆ, ಹಿಸ್ಸೆಯ ದಿನ ಏನಾಯಿತೆಂದು ಕೇಳಿದಳು.

ಗಂಗವ್ವ ಎಂದಿನ ಮಾತುಗಳಲ್ಲಿ ಎಂದಿನ ಕಥೆಯನ್ನೇ ಹೇಳಿದಳು. ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಪಂಚರ ಮುಂದೆ ಮನೆಯಂಗಳದ ಹಗೇವು ತೆಗೆದರೆ ತಳದಲ್ಲಿ ಹೊಟ್ಟಲ್ಲದೆ ಏನೂ ಇಲ್ಲ. ಅದರ ಮೇಲೆ ಹೊರಸು ಹಾಕಿ ವರ್ಷವಿಡೀ ಮಲಗುತ್ತಿದ್ದವನು ಮೈದುನ. ಕಾಳು ಅಲ್ಲಲ್ಲ, ಕಣದಲ್ಲಿದೆ, ಅಪ್ಪ ನನಗೆ ಹೇಳಿದ್ದ, ಕಣ ಅಗೆಯೋಣ ಎಂದು ಅವನು ಅಂದ. ಕಣ ಲಕ್ಷ್ಮಿಯ ಜಾಗ, ಗುದ್ದಲಿ ಹಾಕಿಸುವುದಿಲ್ಲ, ಅದು ನನ್ನ ಪಾಲಿನ ನೆಲ ಎಂದು ಅಣ್ಣ ಅಂದ. ಆಮೇಲೆ ಅಣ್ಣ ಒಂದೇ ಮಾತು ಸೇರಿಸಿದ: ಮೇಲೆ ಮಲಗಿದವಗ ಕೆಳಗಿಂದು ಗೊತ್ತು. ಆ ಮಾತು ಊರಿನ ಗಾದೆಯಾಯಿತು. ಮಕ್ಕಳು ಕೂಡ ಓಣಿಯಲ್ಲಿ ಅವನ ಬೆನ್ನ ಹಿಂದೆ ಅದನ್ನು ಹಾಡಿದರು. ಅವನು ಊರು ಬಿಟ್ಟು ವಿಜಯಪುರದ ಎಣ್ಣೆ ಗಿರಣಿ ಸೇರಿದ.

“ಅಣ್ಣ ಸತ್ತರ ಮಣ್ಣಿಗೂ ಬರಲಿಲ್ಲ,” ಎಂದಳು ಗಂಗವ್ವ. “ಕಳ್ಳಗ ಕಾಲು ಬರಬೇಕಲ್ಲ.”

ದಾಕ್ಷಾಯಿಣಿ ತಾಟು ತೊಳೆಯಲು ಎದ್ದಳು.

* * *

ನಕ್ಷೆ ಬಿಡಿಸಿಕೊಳ್ಳಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಪ್ರಾಣೇಶ ಪರದೆ ತೋರಿಸಿದ. ಮೇಟಿಯ ಸುತ್ತ ಸಾವಿರಾರು ಗೊರಸುಗಳ ಗುರುತು ಚುಕ್ಕೆಗಳಾಗಿ ಬಿದ್ದು ಒಂದು ಬಳೆ ಮೂಡಿತ್ತು. ಬಳೆ ಒಂದು ಕಡೆ ಒಡೆದಿತ್ತು. ಮೂರನೆಯ ಮೈಕಿನ ಎದುರಿಗೆ ಎರಡು ಮಾರಿನಷ್ಟು ಜಾಗದಲ್ಲಿ ಒಂದು ಹೆಜ್ಜೆಯೂ ಇರಲಿಲ್ಲ. ಟೇಪು ಕೆಟ್ಟಿದೆಯೇ ಎಂದು ಅವನು ಅಳುಕುತ್ತ ಕೇಳಿದ.

ಟೇಪು ಕೆಟ್ಟಿಲ್ಲವೆಂದು ಅವಳಿಗೆ ಗೊತ್ತಿತ್ತು. ಲೇಪ ಉದುರಿದರೆ ಧ್ವನಿ ಕಾಲಕ್ಕೆ ತಕ್ಕಂತೆ ಹೋಗುತ್ತದೆ, ಜಾಗಕ್ಕೆ ತಕ್ಕಂತೆ ಹೋಗುವುದಿಲ್ಲ. ಅವಳು ಹೆಡ್‌ಫೋನು ಹಾಕಿಕೊಂಡು ಮೂರನೆಯ ಫೈಲನ್ನು ಮೊದಲಿನಿಂದ ಕೇಳತೊಡಗಿದಳು. ಹಾಡು ಬರುತ್ತದೆ, ಎತ್ತು ಬರುತ್ತವೆ, ಆ ಜಾಗ ಬರುತ್ತಲೇ ದನಿ ಏರುತ್ತದೆ. ಇನ್ನೊಂದು ಸುತ್ತು, ಅಲ್ಲಿಯೇ ದನಿ ಏರುತ್ತದೆ. ನುಡಿ ಮುಗಿದು ಹಾಡು ನಿಂತಾಗಲೂ ಸರಿಯಾಗಿ ಅಲ್ಲಿ ಎತ್ತುಗಳಿಗೆ ‘ಹೋ’ ಎಂಬ ದೊಡ್ಡ ಕೂಗು ಬೀಳುತ್ತದೆ. ಮೊದಮೊದಲು ಅವಳು ಅದನ್ನು ಧಾಟಿಯೆಂದುಕೊಂಡಳು. ಆದರೆ ಹಾಡು ಬದಲಾದರೂ ಏರುವ ಜಾಗ ಬದಲಾಗಲಿಲ್ಲ.

ತೊಂಬತ್ತಮೂರನೆಯ ಸುತ್ತಿನಲ್ಲಿ ಅಪ್ಪನಿಗೆ ಹೊಟ್ಟಿನ ದೂಳು ಅಡರಿ ಕೆಮ್ಮು ಬಂತು. ದನಿ ಏರಬೇಕಾದಲ್ಲಿ ಉಸಿರು ಸಿಕ್ಕಿಹಾಕಿಕೊಂಡು ಒಂದು ಗಳಿಗೆ ಮೌನವಾಯಿತು. ಆ ಮೌನದಲ್ಲಿ, ಕೆಮ್ಮಿನ ಸದ್ದೆಂದು ಯಂತ್ರ ಕೈಬಿಟ್ಟಿದ್ದ ಒಂದು ಗೊರಸು ನೆಲಕ್ಕೆ ಬಿತ್ತು. ಖಾಲಿ ಗಡಿಗೆಯ ಬಾಯಿಗೆ ಅಂಗೈ ತಟ್ಟಿದಂತೆ ನೆಲ ಧುಮ್ಮೆಂದಿತು.

ಅವಳು ಅದನ್ನು ಸ್ಪೀಕರಿಗೆ ಹಚ್ಚಿದಾಗ ಪ್ರಾಣೇಶ ಕುರ್ಚಿಯಿಂದ ಎದ್ದು ನಿಂತ. ಅವನಿಗೆ ಕಂಡದ್ದು ಹಗೇವು. ದಾಕ್ಷಾಯಿಣಿಗೆ ಕಂಡದ್ದು ಅದೊಂದೇ ಆಗಿರಲಿಲ್ಲ. ಎತ್ತಿನ ಹಿಂದೆ ನಡೆಯುವವನ ಅಂಗಾಲಿಗೆ ಟೊಳ್ಳು ನೆಲ ತಿಳಿಯುತ್ತದೆ. ಎದುರಿಗೆ ಪರವೂರಿನ ವಿದ್ವಾಂಸ ಎರಡೂ ಕಿವಿಗೆ ಬಟ್ಟಲು ಹಾಕಿಕೊಂಡು ಕುಳಿತಿದ್ದಾನೆ. ಅವನ ಕಿವಿಗೆ ಮನೆಯ ಗುಟ್ಟು ಬೀಳಬಾರದೆಂದು ಹಾಡುವವನು ನೂರಾ ನಲವತ್ತು ಸಲ ಅದರ ಮೇಲೆ ದನಿ ಹೊದಿಸಿದ್ದಾನೆ. ಅಂದರೆ ಅಪ್ಪನಿಗೆ ಗೊತ್ತಿತ್ತು. ಮರುವರ್ಷ ಪಂಚರ ಮುಂದೆ ನಿಂತು ಬರಿದಾದ ಗುಂಡಿ ತೋರಿಸಿ ಆ ಒಂದು ಮಾತು ಆಡಿದಾಗಲೂ ಗೊತ್ತಿತ್ತು.

ಅವಳು ಹೆಡ್‌ಫೋನು ತೆಗೆದು, ತಂತಿ ಸುತ್ತಿ, ಇಟ್ಟಳು. ಆ ಕೆಮ್ಮನ್ನು ಅವನಿಗೆ ಕೇಳಿಸದೆ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವೆಂದು ಬಹಳ ವರ್ಷಗಳ ಮೇಲೆ ಅವಳೇ ಒಬ್ಬರ ಮುಂದೆ ಅಂದಳಂತೆ. ಕೇಳಿಸಿದ್ದಳು.

ಇನ್ನೊಂದು ತೊಡಕು ಉಳಿದಿತ್ತು. ಮೂರನೆಯ ಮೈಕು ಯಾವ ದಿಕ್ಕಿಗೆ? ಎತ್ತು ಬಲಸುತ್ತು ತಿರುಗಿದ್ದರೆ ಮೂಡಣದಿಂದ ಎಣಿಸಿದ ಮೂರನೆಯದು ತೆಂಕಣ. ಎಡಸುತ್ತು ತಿರುಗಿದ್ದರೆ ಅದೇ ಬಡಗಣ. ಟೇಪಿನಲ್ಲಿ ಸುತ್ತು ಇದೆ, ದಿಕ್ಕಿಲ್ಲ. ಕನ್ನಡಿಯಲ್ಲಿ ಕಂಡ ಗಡಿಯಾರದಂತೆ ಎರಡೂ ಸರಿಹೊಂದುತ್ತವೆ. ಪ್ರಾಣೇಶ ಪ್ರದಕ್ಷಿಣೆಯೇ ಇದ್ದೀತು ಎಂದ, ಒಳ್ಳೆಯ ಕೆಲಸಕ್ಕೆ ಯಾರು ಎಡಕ್ಕೆ ತಿರುಗುತ್ತಾರೆ? ಆದರೆ ಎತ್ತಲು ಸಿಗುವುದು ಒಂದೇ ಸಾಲು. ಇದ್ದೀತು ಎಂಬ ಮಾತಿಗೆ ಗುದ್ದಲಿ ಹಾಕಲಾಗದು. ಮಲಕಾಜಪ್ಪನನ್ನು ಕರೆಸಿದರು.

ಮುದುಕ ಬಂದ. ಗಿರಣಿಯ ಗದ್ದಲದಲ್ಲಿ ನಲವತ್ತು ವರ್ಷ ಕಳೆದ ಕಿವಿಗಳು ಪೂರ್ತಿ ಹೋಗಿದ್ದವು. ಎದುರಿನವರ ಮಾತನ್ನು ಗಾಜಿನ ಮೇಲೆ ಬರೆದು ತೋರಿಸುವ ಕನ್ನಡಕ ಹಾಕಿದ್ದ. ಅದು ಪುಸ್ತಕದ ಕನ್ನಡ ಮಾತ್ರ ಬಲ್ಲದು. ಪ್ರಾಣೇಶ ‘ಹಂತಿ’ ಎಂದಾಗಲೆಲ್ಲ ‘ಪಂಕ್ತಿ’ ಎಂದು ಬರೆಯಿತು. ಊಟದ ಮಾತು ಈಗ ಯಾಕೆ ಎಂದು ಮುದುಕ ಎರಡು ಸಲ ಕೇಳಿದ. ಕೊನೆಗೆ ದಾಕ್ಷಾಯಿಣಿ ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಟ್ಟಳು.

ಅವನು ಓದಿ ಹೇಳಿದ ಉತ್ತರ ಪ್ರಾಣೇಶನ ಪ್ರದಕ್ಷಿಣೆಯನ್ನು ಮುರಿಯಿತು. ದಿಕ್ಕು ಒಂದೇ ಇರುತ್ತಿರಲಿಲ್ಲ. ಎತ್ತಿಗೆ ತಲೆ ತಿರುಗಬಾರದೆಂದು ಒಂದು ಹೊತ್ತು ಬಲಕ್ಕೆ, ಒಂದು ಹೊತ್ತು ಎಡಕ್ಕೆ ತಿರುಗಿಸುತ್ತಿದ್ದರು. ಟೇಪು ಹಿಡಿದದ್ದು ಯಾವ ಹೊತ್ತಿನಲ್ಲೋ ಅವನಿಗೆ ನೆನಪಿರಲಿಲ್ಲ. ಆದರೆ ಜೋ‌ಡಿಯಲ್ಲಿ ಎಡಗೋಲಿಗೆ, ಎಂದರೆ ನೊಗದ ಎಡಮಗ್ಗುಲಿಗೆ, ಪಳಗಿದ ಎತ್ತು ಸಾಯುವತನಕ ಜೊತೆಯ ಎತ್ತಿನ ಎಡಕ್ಕೇ ನಡೆಯುತ್ತದೆ. ಎಡಗೋಲಿನ ಎತ್ತು ಮೇಟಿಯ ಮಗ್ಗುಲಿಗೆ ಬಂದಿದ್ದರೆ ಎಡಸುತ್ತು, ಬಲಗೋಲಿನದು ಬಂದಿದ್ದರೆ ಬಲಸುತ್ತು.

“ಒಳಗ ಯಾವ ಎತ್ತು ಇತ್ತು ಅನ್ನೂದು ಹೇಳ್ರಿ, ದಿಕ್ಕು ನಾ ಹೇಳ್ತೀನಿ,” ಎಂದ.

ಟೇಪಿನಲ್ಲಿ ಎರಡು ಗಂಟೆಗಳಿದ್ದವು. ಮೇಟಿಗೆ ಹತ್ತಿರ ದಪ್ಪ ದನಿಯದು, ಹೊರಗೆ ತೆಳು ದನಿಯದು. ದಾಕ್ಷಾಯಿಣಿ ಎರಡನ್ನೂ ಬಿಡಿಸಿ ಹಚ್ಚಿದಳು. ಮುದುಕ ಕನ್ನಡಕದೊಳಗೆ ಬಂದ ಅಕ್ಷರಗಳನ್ನು ನೋಡಿ, ತೆಗೆದು ಅವಳಿಗೂ ತೋರಿಸಿದ. ಮೊದಲನೆಯದಕ್ಕೆ ‘ಗಂಟೆಯ ಸದ್ದು’ ಎಂದಿತ್ತು. ಎರಡನೆಯದಕ್ಕೂ ‘ಗಂಟೆಯ ಸದ್ದು’ ಎಂದೇ ಇತ್ತು.

“ಗಂಟಿ ಕಟ್ಟತಿದ್ದಾಕಿ ನಮ್ಮ ವೈನಿ, ನಮ್ಮಣ್ಣನ ಹೆಂಡ್ತಿ,” ಎಂದ ಅವನು. “ಕೇಳಿದರ ಆಕಿಗೇ ತಿಳೀಬೇಕು. ಆದರ ನನ್ನ ಹೆಸರು ಹೇಳಿ ಕೇಳಬ್ಯಾಡವ್ವ, ಬಾಗಲಾ ಹಾಕ್ಕೊಂತಾಳ.” ಆಮೇಲೆ ಅವಳ ಮುಖವನ್ನೇ ತುಸು ಹೊತ್ತು ನೋಡಿ, ತೆಳ್ಳಗೆ ನಕ್ಕ. “ಮೂಗು ನಮ್ಮವ್ವಂದು ಇಟ್ಕೊಂಡೀ. ನಾ ಬಾಗಲದಾಗ ಕಾಲಿಟ್ಟಾಗನ ನೋಡಿದೆ.”

ಅವಳು ಗಂಟೆಗಳ ಫೈಲನ್ನು ಒಂದು ಸಣ್ಣ ಸ್ಪೀಕರಿಗೆ ಇಳಿಸಿಕೊಂಡಳು.

* * *

ಮರುದಿನ ಮುಂಜಾನೆ ಗಂಗವ್ವ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕುಳಿತಿದ್ದಾಗ ದಾಕ್ಷಾಯಿಣಿ ಸಣ್ಣ ಸ್ಪೀಕರನ್ನು ಕಟ್ಟೆಯ ಮೇಲಿಟ್ಟಳು. ಗಂಟೆಗಳ ಸದ್ದು ಬಂತು. ಮುದುಕಿಯ ಕೈ ಹಿಟ್ಟಿನ ಮೇಲೆ ನಿಂತಿತು. ಎಲ್ಲಿಂದು ಇದು ಎಂದು ಕೇಳಿದಳು. ಅಷ್ಟರಲ್ಲಿ ಗಂಟೆಗಳ ಹಿಂದಿನಿಂದ ಗಂಡನ ದನಿಯ ಒಂದು ಎಳೆ ಬಂತು, ಪೂರ್ತಿ ಬಿಡಿಸಲಾಗದೆ ಉಳಿದದ್ದು. ಮುದುಕಿ ಸೆರಗು ಸರಿಮಾಡಿಕೊಂಡಳು.

ದಾಕ್ಷಾಯಿಣಿ ಏನನ್ನೂ ಮುಚ್ಚಲಿಲ್ಲ. ಟೇಪು ಯಾಕೆ ಬಂತು, ಯಾರು ಕೇಳಿದರು, ಬಳೆ ಎಲ್ಲಿ ಒಡೆದಿತ್ತು, ದನಿ ಎಲ್ಲಿ ಏರುತ್ತಿತ್ತು, ಕೆಮ್ಮು ಬಂದಾಗ ನೆಲ ಏನೆಂದಿತು, ತೆಂಕಣವೋ ಬಡಗಣವೋ ಎಂಬುದು ಒಳಗಿನ ಎತ್ತಿನ ಮೇಲೆ ಹೇಗೆ ನಿಂತಿದೆ, ಎಲ್ಲವನ್ನೂ ಹೇಳಿದಳು. ಅಪ್ಪನಿಗೆ ಗೊತ್ತಿತ್ತು ಎಂಬ ಮಾತನ್ನು ಮಾತ್ರ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಗಂಗವ್ವ ಬಹಳ ಹೊತ್ತು ಹಿಟ್ಟನ್ನೇ ನಾದಿದಳು. ಅದು ನಾದಿದಷ್ಟೂ ಬಿರಿಯುತ್ತಿತ್ತು.

“ನೆನಪಿಲ್ಲ ಅಂದ್ರ ಮುಗೀತು,” ಎಂದಳು ಕೊನೆಗೆ. “ಹೌದಿಲ್ಲೋ?”

“ಹೌದವ್ವಾ. ಆಗ ಅವರು ತೆಂಕಣಕ್ಕ ಅಗೀತಾರ.”

“ಸಾಯೂ ಮುಂದ ಮೂರು ದಿನ ಕಣ, ಕಣ ಅಂತಿದ್ದ ನಿಮ್ಮಪ್ಪ. ಸುಗ್ಗಿ ನೆನಿಸ್ಯಾನ ಅಂತ ತಿಳದು ನಾ ಹಾಲು ಕುಡಿಸಿದೆ.” ಮುದುಕಿ ಹಿಟ್ಟನ್ನು ಪಕ್ಕಕ್ಕಿಟ್ಟು ಕೈ ತೊಳೆದುಕೊಂಡಳು. “ಅವರಪ್ಪಗ ಆಣಿ ಕೊಟ್ಟಿದ್ದನೋ, ಕಾಳಿನ ಆಸೆ ಇತ್ತೋ, ಯಾರಿಗೆ ಗೊತ್ತು. ಅಂವ ಇಲ್ಲ ಹೇಳಾಕ. ಇನ್ನೊಮ್ಮೆ ಹಚ್ಚು.”

ದಾಕ್ಷಾಯಿಣಿ ಹಚ್ಚಿದಳು. ಗಂಗವ್ವ ಕಣ್ಣು ಮುಚ್ಚಿಕೊಂಡು ಆಲಿಸಿದಳು. ಇನ್ನೊಮ್ಮೆ ಎನ್ನಲಿಲ್ಲ.

“ದಪ್ಪಂದು ಮಾಸ್ಯಾಂದು. ನಮ್ಮ ತವರಿನ ಗಂಟಿ, ನಾನ ಕಟ್ಟಿದ್ದು. ಮಾಸ್ಯಾ ಎಡಗೋಲ ಎತ್ತು. ಬಲಕ್ಕ ಹೂಡಿದರ ಆ ಭಾಡ್ಯಾ ಒಂದ ಹೆಜ್ಜಿ ಇಡ್ತಿದ್ದಿಲ್ಲ.” ಸೆರಗಿಗೆ ಕೈ ಒರೆಸಿಕೊಂಡು, “ಬಡಗಣಕ್ಕ ಅಗೀರಿ,” ಎಂದಳು. “ನಾನೂ ಬರ್ತೀನಿ.”

* * *

ಮೊದಲು ಕಾಳಿನ ಮಾತನ್ನು ಹೇಳಿ ಮುಗಿಸುವುದು ಲೇಸು. ಬಡಗಣದ ಸಾಲಿನ ಫಲಕಗಳನ್ನೆತ್ತಿ ಅಗೆದಾಗ ಎದೆಯಾಳದಲ್ಲಿ ಹಾಸುಗಲ್ಲು ಸಿಕ್ಕಿತು. ಸುತ್ತಲಿನ ಸಗಣಿ-ಮಣ್ಣಿನ ಗಿಲಾವು ಕದಲಿರಲಿಲ್ಲ. ಕಲ್ಲು ಸರಿಸಿ ದೀಪ ಇಳಿಬಿಟ್ಟರೆ ಆರಿತು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಮಧ್ಯಾಹ್ನದವರೆಗೆ ಕಾದು ಇನ್ನೊಂದು ಇಳಿಬಿಟ್ಟರು, ಅದು ಉರಿಯಿತು. ಗೋಡೆಗೆ ತಾಗಿದ ಕಾಳು ಸುಟ್ಟಂತೆ ಕಪ್ಪಾಗಿತ್ತು. ನಡುವಿನದು ಜೇನಿನ ಬಣ್ಣಕ್ಕೆ ತಿರುಗಿ ಹಾಗೆಯೇ ಇತ್ತು. ಬೀಜ ಕೇಂದ್ರದವರು ಅದನ್ನು ತಂಪು ಪೆಟ್ಟಿಗೆಗಳಲ್ಲಿ ಒಯ್ದರು. ಆರಿಸಿದ ಆರು ಸಾವಿರ ಕಾಳುಗಳಲ್ಲಿ ಹದಿನಾಲ್ಕು ಮೊಳೆತವು. ಹದಿನಾಲ್ಕರಲ್ಲಿ ಒಂಬತ್ತು ತೆನೆ ಕಟ್ಟಿದವು. ಇಂದು ಆ ಸೀಮೆಯಲ್ಲಿ ಬಡಿಯುವ ರೊಟ್ಟಿಯೆಲ್ಲ ಆ ಒಂಬತ್ತರ ಸಂತಾನ.

ಉಳಿದದ್ದು ಅಗೆದ ದಿನದ ಮಾತು. ಕಲ್ಲು ಸರಿದಾಗ ಮುತ್ತಿನಾಳದ ಅರ್ಧ ಊರು ಫಲಕಗಳ ನೆರಳಿನಲ್ಲಿ ನಿಂತಿತ್ತು. ಆ ಗಾದೆಯನ್ನು ಅಜ್ಜಂದಿರ ಬಾಯಿಂದ ಕೇಳಿ ಬೆಳೆದವರೇ ಬಹಳ. ಎಲ್ಲರೂ ಗುಂಡಿಯೊಳಗೆ ಬಗ್ಗಿದರು. ಮಲಕಾಜಪ್ಪ ಬಗ್ಗಲಿಲ್ಲ. ದೂಳು ಕೂತಿತೆಂದು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತ, ಮೇಟಿಯ ಕಲ್ಲಿನ ಮೇಲೆ ಕುಳಿತಿದ್ದ.

ಗಂಗವ್ವ ಮಗಳ ಕೈ ಬಿಡಿಸಿಕೊಂಡು, ಮಣ್ಣಿನ ಗುಡ್ಡೆ ದಾಟಿ, ಅವನ ಮುಂದೆ ಹೋಗಿ ನಿಂತಳು. ಐವತ್ತಾರು ವರ್ಷದ ಮೇಲೆ ಇಬ್ಬರೂ ಎದುರುಬದುರಾಗಿದ್ದರು. ಅವಳು ತಗ್ಗಿದ ದನಿಯಲ್ಲಿ, ಅವನಿಗೆ ಮಾತ್ರ ಎಂಬಂತೆ, ನಿಮ್ಮಣ್ಣಗ ಗೊತ್ತಿತ್ತು ಎಂದಳು.

ಅವನು ಮುಖವೆತ್ತಿ ಅವಳನ್ನೇ ನೋಡುತ್ತಿದ್ದ. ಕನ್ನಡಕ ಕೈಯಲ್ಲಿಯೇ ಇತ್ತು. ಕಿವಿಯ ಕಡೆ ಬೆರಳು ತೋರಿಸಿ, ತಲೆಯಾಡಿಸಿದ.

ದಾಕ್ಷಾಯಿಣಿ ಕನ್ನಡಕ ಹಾಕಿಕೊಳ್ಳಲು ಸನ್ನೆ ಮಾಡುತ್ತ ಮುಂದೆ ಬಂದಳು. ತಾಯಿ ಅವಳನ್ನು ತಡೆದಳು. ಮುದುಕಿ ಮೈದುನನ ಹೆಗಲ ಮೇಲೆ ಕೈಯೂರಿ, ಬಗ್ಗಿ, ಅವನ ಕಿವಿಯ ಹತ್ತಿರ ಬಾಯಿ ತಂದು, ಹೊಲದಾಚೆ ಇದ್ದವರನ್ನು ಕರೆಯುವ ದನಿಯಲ್ಲಿ ಕೂಗಿದಳು:

“ನಿಮ್ಮಣ್ಣಗ ಗೊತ್ತಿತ್ತೋ ಮಲಕಾಜಿ! ಕಾಳು ನೀ ಕದ್ದಿಲ್ಲ! ಅಂವ ಸುಳ್ಳು ಹೇಳಿದ, ನಾ ನಂಬಿದೆ!”

ಫಲಕಗಳ ಸಾಲುಗಳ ನಡುವೆ ಆ ದನಿ ಹಾಯ್ದುಹೋಯಿತು. ಗುಂಡಿಯೊಳಗೆ ಬಗ್ಗಿದ್ದವರೆಲ್ಲ ತಿರುಗಿ ನೋಡಿದರು.

ಮಲಕಾಜಪ್ಪ ನಿಧಾನವಾಗಿ ಕನ್ನಡಕ ಹಾಕಿಕೊಂಡ. ಹೆಗಲ ಮೇಲಿದ್ದ ಅವಳ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡ.

“ತುಟಿ ನೋಡಿ ಮೊದಲನೇ ಸರತೇನ ತಿಳದಿತ್ತ್ರಿ, ವೈನಿ,” ಎಂದ. “ಊರಿಗೆ ಕೇಳಲಿ ಅಂತ ಸುಮ್ಮಕಿದ್ದೆ.”